ದಿಡ್ಡಿ ಬಾಗಿಲಿನ ಚರಿತ್ರೆ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಂಟರ್ನೆಟ್ಟಿನ ಕಾವಲಿನ ಚರಿತ್ರೆಯನ್ನು ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ಹೆಚ್ಚಿನ ಬಾಗಿಲುಗಳು ಮುಚ್ಚಿದ್ದು ಒಂದೊಂದು ಕೊಳ್ಳೆಯ ನಂತರವೇ.

ಮೊದಲ ದೊಡ್ಡ ಕೊಳ್ಳೆ ನಡೆದದ್ದು 1988ರ ನವೆಂಬರ್ 2ರಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಬಿಟ್ಟ ಪ್ರೋಗ್ರಾಮೊಂದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಯಂತ್ರದಿಂದ ಯಂತ್ರಕ್ಕೆ ಹರಡಿತು. ಅಂದು ಇಂಟರ್ನೆಟ್ಟಿನಲ್ಲಿ ಇದ್ದದ್ದೇ ಸುಮಾರು 60,000 ಕಂಪ್ಯೂಟರುಗಳು. ಅವುಗಳಲ್ಲಿ 6,000ದಷ್ಟು ಈ ಹುಳಕ್ಕೆ ಸಿಕ್ಕಿದವೆಂದು ಆಗ ಅಂದಾಜು ಮಾಡಿದ್ದರು. ಅದು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ, ಪ್ರಯೋಗಾಲಯಗಳ ಜಗತ್ತು. ಪರಿಚಯಸ್ಥರ ಓಣಿಯಂತೆ ಬಾಗಿಲು ತೆರೆದಿಟ್ಟುಕೊಂಡೇ ಬದುಕುತ್ತಿತ್ತು. ಆ ನಂಬಿಕೆ ಒಂದೇ ರಾತ್ರಿಯಲ್ಲಿ ಮುರಿಯಿತು.

ಆಮೇಲೆ ಬಲ ಪಡೆದ ಉಪಾಯವೇ ಫೈರ್‌ವಾಲ್. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಂತೆ ನಡುವೆ ಎತ್ತುವ ಗೋಡೆಗೆ ಇರುವ ಹೆಸರು ಅದು. ಕಂಪ್ಯೂಟರಿಗೆ ಬರುವ ಸಂದೇಶಗಳು ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳ ಮೂಲಕ ಬರುತ್ತವೆ, ಇವೇ ಪೋರ್ಟುಗಳು. ಒಂದು ಯಂತ್ರಕ್ಕೆ ಇಂಥವು 65,535. ವೆಬ್ ಪುಟಕ್ಕೆ 80, ಅಂಚೆಗೆ 25, ದೂರದಿಂದ ಯಂತ್ರವನ್ನು ನಡೆಸುವ ಹಳೆಯ ಟೆಲ್ನೆಟ್ಟಿಗೆ 23. ಯಾರು ಯಾವ ಬಾಗಿಲಿಗೆ ಬರಬಹುದೆಂದು ನಿಂತು ನೋಡುವುದು ಫೈರ್‌ವಾಲಿನ ಕೆಲಸ. ಬೆಲ್ ಲ್ಯಾಬ್ಸಿನ ಬಿಲ್ ಚೆಸ್ವಿಕ್ ಮತ್ತು ಸ್ಟೀವ್ ಬೆಲೊವಿನ್ 1994ರಲ್ಲಿ ಬರೆದ ಪುಸ್ತಕ ಈ ವಿದ್ಯೆಯನ್ನು ಎಲ್ಲರ ಕೈಗೂ ಕೊಟ್ಟಿತು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಸಂಸ್ಥೆಗಳ ಹೆಬ್ಬಾಗಿಲು. ಮನೆಯ ಬಾಗಿಲಿನ ಕತೆ ಬೇರೆ ದಾರಿಯಲ್ಲಿ ಬಂತು.

ಅದೇ 1994ರಲ್ಲಿ ಇನ್ನೊಂದು ಚಿಂತೆಯೂ ಇತ್ತು. ಇಂಟರ್ನೆಟ್ ವಿಳಾಸಗಳು ಒಟ್ಟು 430 ಕೋಟಿಯಷ್ಟು ಮಾತ್ರ. ಅವು ಮುಗಿಯುತ್ತವೆಂಬುದು ಆಗಲೇ ಕಾಣುತ್ತಿತ್ತು. ಒಂದೇ ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಳ್ಳುವ ನ್ಯಾಟ್ ಎಂಬ ಉಪಾಯವನ್ನು ಆ ವರ್ಷ ಪ್ರಕಟಿಸಿದರು. ಇಂದು ಮನೆಮನೆಯ ರೌಟರ್ ಮಾಡುತ್ತಿರುವುದು ಇದನ್ನೇ. ಒಳಗಿನಿಂದ ಕರೆದವರಿಗೆ ಮಾತ್ರ ಉತ್ತರ ಬರುತ್ತದೆ. ಹೊರಗಿನಿಂದ ತಾನಾಗಿ ಬಂದವನಿಗೆ ಯಾರ ಬಳಿ ಹೋಗಬೇಕೆಂದೇ ತಿಳಿಯುವುದಿಲ್ಲ. ವಿಳಾಸ ಉಳಿಸಲು ಹೂಡಿದ ಉಪಾಯ ಹೀಗೆ ಕಾವಲಿನ ಗೋಡೆಯಂತೆಯೂ ಕಂಡಿತು. ಆಕಸ್ಮಿಕವಾಗಿ ಸಿಕ್ಕ ಈ ಮರೆಯನ್ನೇ ಜನ ಭದ್ರತೆ ಎಂದು ನಂಬಿದರು.

ಮರೆಯಲ್ಲಿರುವವರಿಗೂ ಹೊರಗಿನಿಂದ ತಮ್ಮ ಮನೆಯನ್ನು ತಲುಪಬೇಕೆಂಬ ಆಸೆ ಇದ್ದೇ ಇರುತ್ತದಲ್ಲ! ಅದಕ್ಕೆ ಎರಡು ತೊಡಕು: ಬಾಗಿಲು ಮುಚ್ಚಿದೆ, ಜೊತೆಗೆ ಮನೆಯ ವಿಳಾಸವೇ ಆಗಾಗ ಬದಲಾಗುತ್ತದೆ. ಮೊದಲನೆಯದಕ್ಕೆ ರೌಟರಿನಲ್ಲಿ ಒಂದು ಪೋರ್ಟನ್ನು ತೆರೆದುಕೊಟ್ಟರು. ಎರಡನೆಯದಕ್ಕೆ ಡೈನಾಮಿಕ್ ಡಿಎನ್ಎಸ್ ಬಂತು. ಹೆಸರು ಹೇಳಿದರೆ ವಿಳಾಸ ತೋರಿಸುವ ಡಿಎನ್ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ್ದರು. ವಿಳಾಸ ಬದಲಾದಂತೆ ಅದರ ದಾಖಲೆಯನ್ನು ಯಂತ್ರವೇ ತಿದ್ದುವ ಕ್ರಮ 1997ರಲ್ಲಿ ನಿಯಮದ ರೂಪ ಪಡೆಯಿತು. ಬಾಡಿಗೆ ಮನೆ ಎಷ್ಟು ಸಲ ಬದಲಾದರೂ ಊರ ಅಂಚೆಯವನಿಗೆ ಹೊಸ ಮನೆ ಗೊತ್ತಿರುವ ಹಾಗೆ. ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ಇಂಥದೊಂದು ಸೇವೆಯನ್ನು ಕಟ್ಟಿದರು; ಮುಂದೆ ಅದು ಡಿನ್ ಎಂಬ ಕಂಪನಿಯಾಗಿ ಬೆಳೆಯಿತು.

ಆ 1997ರಲ್ಲಿಯೇ ಎನ್‌ಮ್ಯಾಪ್ ಎಂಬ ಸಾಧನವೂ ಬಂತು. ಒಂದು ಯಂತ್ರದ ಬಾಗಿಲುಗಳನ್ನು ಸಾಲಾಗಿ ತಟ್ಟಿ, ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಅದು ಹೇಳುತ್ತದೆ. ಕಾವಲುಗಾರನಿಗೂ ಕಳ್ಳನಿಗೂ ಅದು ಒಂದೇ ಉತ್ತರ ಕೊಡುತ್ತದೆ.

2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳ 135ನೆಯ ಪೋರ್ಟಿನಿಂದ ನುಗ್ಗಿ ಅಪಾರ ಸಂಖ್ಯೆಯ ವಿಂಡೋಸ್ ಯಂತ್ರಗಳನ್ನು ಕಾಡಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲೇ ಇತ್ತು, ಆದರೆ ಸಾಮಾನ್ಯವಾಗಿ ಚಾಲೂ ಆಗಿರುತ್ತಿರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಬಂದ ಪರಿಷ್ಕರಣೆಯಲ್ಲಿ ಅದು ತಾನಾಗಿ ಚಾಲೂ ಆಯಿತು. ಮತ್ತದೇ ದಿಡ್ಡಿ ಬಾಗಿಲು.

ಇಷ್ಟಾದರೂ ಪಾಠ ಮುಗಿದಿರಲಿಲ್ಲ. ಮನೆಗಳಿಗೆ ಕ್ಯಾಮೆರಾಗಳು ಬಂದವು, ಅವುಗಳ ದೃಶ್ಯ ದಾಖಲಿಸುವ ಪೆಟ್ಟಿಗೆಗಳು ಬಂದವು. ಎಷ್ಟೋ ಸಾಧನಗಳ ಟೆಲ್ನೆಟ್ ಬಾಗಿಲು ಹೊರಜಗತ್ತಿಗೆ ತೆರೆದಿತ್ತು; ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. 2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮ್ ಇಂಥ ಬಾಗಿಲುಗಳನ್ನು ತಟ್ಟುತ್ತ ಹೊರಟಿತು. ಅದರ ಕೈಯಲ್ಲಿದ್ದದ್ದು ಹೆಸರು ಮತ್ತು ಪಾಸ್‌ವರ್ಡುಗಳ 60ರಷ್ಟು ಜೋಡಿಗಳು ಮಾತ್ರ. ಅಷ್ಟರಿಂದಲೇ ಲಕ್ಷಾಂತರ ಸಾಧನಗಳು ಅದರ ಪಡೆಗೆ ಸೇರಿದವು. ಅಕ್ಟೋಬರ್ 21ರಂದು ಅಂಥದೊಂದು ಪಡೆ ಒಂದು ಕಂಪನಿಯ ಮೇಲೆ ಸಂದೇಶಗಳ ಪ್ರವಾಹ ಹರಿಸಿ ಅದನ್ನು ಉಸಿರುಗಟ್ಟಿಸಿತು. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ. ದಾಳಿಗೆ ಸಿಕ್ಕ ಕಂಪನಿ ಡಿನ್. ಮನೆಯ ಯಂತ್ರಗಳನ್ನು ಜಗತ್ತು ತಲುಪುವಂತೆ ಮಾಡಿ ಬೆಳೆದ ಸಂಸ್ಥೆಯ ಮೇಲೆ, ಜಗತ್ತಿಗೆ ತೆರೆದುಕೊಂಡಿದ್ದ ಮನೆಯ ಯಂತ್ರಗಳೇ ಎರಗಿದ್ದವು.

ಆ ಕ್ಯಾಮೆರಾಗಳ ಒಡೆಯರಲ್ಲಿ ಬಹುತೇಕರಿಗೆ ಏನೂ ತಿಳಿದಿರಲಿಕ್ಕಿಲ್ಲ. ಕ್ಯಾಮೆರಾ ಎಂದಿನಂತೆ ಅಂಗಳವನ್ನು ತೋರಿಸುತ್ತಲೇ ಇತ್ತು. ಹೊಸತನ ಇರುವುದು ಇಲ್ಲಿಯೇ. ಗಾದೆಯ ಕೋಟೆಯಲ್ಲಿ ಕೊಳ್ಳೆ ಹೋಗುವುದು ಬಾಗಿಲು ಮರೆತವರ ಸೊತ್ತು. ಇಲ್ಲಿ ಬಾಗಿಲು ಮರೆತವರು ಒಬ್ಬರು, ನಷ್ಟಪಟ್ಟವರು ಇನ್ನೊಬ್ಬರು. ಹಾಗಾಗಿ ಹೊಸ ಸಾಧನದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವುದು, ರೌಟರಿನ ತಂತ್ರಾಂಶವನ್ನು ಹೊಸದಾಗಿಡುವುದು, ಮನೆಯ ಯಾವ ಪೋರ್ಟ್ ತೆರೆದಿದೆ ಎಂದು ಹೊರಗಿನಿಂದ ತಟ್ಟಿ ನೋಡುವುದು, ಬೇಡದ್ದನ್ನು ಮುಚ್ಚುವುದು ಬರೀ ಸ್ವಂತದ ಜಾಗ್ರತೆಯಲ್ಲ. ಬೆಂಕಿ ತಡೆಯುವ ಗೋಡೆಯನ್ನು ಎರಡು ಮನೆಗಳ ನಡುವೆ ಎತ್ತುತ್ತಾರೆ; ಅದು ನೆರೆಮನೆಯನ್ನೂ ಕಾಯುತ್ತದೆ.