ಬೀದರ್ ನೆಲದ ಎರಡು ಕಲ್ಲುಗಳು ಮತ್ತು ಆಧುನಿಕ ಶಿಲ್ಪ

ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ನೆಲೆಸಿದೆ. ಈ ಕೆಂಪುಕಲ್ಲಿನ ಹೊದಿಕೆಯ ಕೆಳಗಿರುವುದು ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಹೆಪ್ಪುಗಟ್ಟಿ ಉಂಟಾದ ಬಸಾಲ್ಟ್. ನಗರದಿಂದ ಮಾಂಜ್ರಾ ಕಣಿವೆಗಿಳಿದು ಭಾಲ್ಕಿ, ಔರಾದ್‌ಗಳತ್ತ ಸಾಗಿದರೆ ಕೆಂಪು ನೆಲ ಹಿಂದುಳಿದು ಎರೆಭೂಮಿ ತೋರುತ್ತದೆ. ಅಲ್ಲಿ ಕಲ್ಲೆಂದರೆ ಬಹುಮಟ್ಟಿಗೆ ಕರಿಕಲ್ಲೇ. ಶಿಲ್ಪಿಯ ಕೈಗೆ ಈ ಎರಡರ ಸ್ವಭಾವ ತೀರ ಭಿನ್ನ.

ಜಂಬಿಟ್ಟಿಗೆ ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಡುಸಾಗುತ್ತದೆ. 15ನೆಯ ಶತಮಾನದ ಬಹಮನಿ ಕೋಟೆಯ ಮುಮ್ಮಡಿ ಕಂದಕವನ್ನು ಈ ಬಂಡೆಯಲ್ಲಿಯೇ ಕಡಿಯಲಾಗಿದೆ. ಆದರೆ ಕಲ್ಲಿನ ಮೈಯೆಲ್ಲ ರಂಧ್ರ. ಕಣ್ಣರೆಪ್ಪೆಯಾಗಲಿ ಒಡವೆಯ ಮಣಿಯಾಗಲಿ ಅದರಲ್ಲಿ ನಿಲ್ಲದೆ ಉದುರುತ್ತದೆ. ಸೂಕ್ಷ್ಮ ಕೆಲಸಕ್ಕೆ ಹಿಂದಿನವರು ಕರಿಯ ಕಲ್ಲನ್ನೇ ನೆಚ್ಚಿದರು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿರುವುದು ನುಣ್ಣಗೆ ಉಜ್ಜಿದ ಕಪ್ಪು ಕಲ್ಲಿನ ಮೇಲೆ.

ವಿಗ್ರಹಕ್ಕೆ ಒಗ್ಗದೆಂದು ಬದಿಗಿಟ್ಟ ಕಲ್ಲಿಗೆ ಆಧುನಿಕ ಶಿಲ್ಪವು ಬಾಗಿಲು ತೆರೆಯಿತೆನ್ನಬಹುದು. 1907-08ರಲ್ಲಿ ಬ್ರಾಂಕೂಶಿ ತನ್ನ 'ಚುಂಬನ'ದಲ್ಲಿ ಸುಣ್ಣಕಲ್ಲಿನ ದಿಮ್ಮಿಯ ಚೌಕಾಕಾರವನ್ನು ಅಳಿಸದೆ ಉಳಿಸಿಕೊಂಡನು. ಕಲ್ಲು ಕಲ್ಲಾಗಿಯೇ ಕಾಣಲಿ ಎಂಬ ಈ ನಿಲುವಿಗೆ ಜಂಬಿಟ್ಟಿಗೆಯ ರಂಧ್ರ ದೋಷವಲ್ಲ. ನೆರಳನ್ನು ಹಿಡಿದಿಡುವ ಗುಣ. ಆದರೆ ಶಿಲ್ಪಿಯು ಮುಖಭಾವದ ಆಸೆ ಬಿಟ್ಟು ಗಾತ್ರವನ್ನೂ ಟೊಳ್ಳನ್ನೂ ನಂಬಬೇಕು. ಕಲ್ಲು ಹಸಿಯಿರುವಾಗಲೇ ಮುಖ್ಯ ಕಡಿತ ಮುಗಿಯಬೇಕು. ಚಾಚಿದ ತೆಳು ಅಂಗಗಳು ಬೇಡ. ನೀರು ಹೀರುವ ಕಲ್ಲಾದ್ದರಿಂದ ಪೀಠದ ಸುತ್ತ ಮಳೆನೀರು ನಿಲ್ಲಲೂಬಾರದು.

ಕರಿಕಲ್ಲಿನದು ಬೇರೆಯೇ ಹಟ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನುಡಿಯುವ ದಿಮ್ಮಿ ಒಳ್ಳೆಯದು; ಬದ್ದು ಸದ್ದು ಬಂದರೆ ಒಳಗೆ ಬಿರುಕಿದೆ ಎಂದರ್ಥ. ಬಿಳಿ ಹರಳು ತುಂಬಿದ ಗುಳ್ಳೆಗಳಿದ್ದಲ್ಲಿ ಉಳಿ ಜಾರುತ್ತದೆ. ಉಳಿಯ ಗುರುತುಳ್ಳ ಮೈ ಬೂದು ಬಣ್ಣ, ಉಜ್ಜಿದ ಮೈ ಕಡುಗಪ್ಪು. ಒಂದೇ ಕಲ್ಲಿನಲ್ಲಿ ದೊರೆಯುವ ಈ ಎರಡು ವರ್ಣಗಳೇ ಆಧುನಿಕ ಶಿಲ್ಪಿಗೆ ದೊಡ್ಡ ಲಾಭ. ಯಂತ್ರದಿಂದ ಕೊಯ್ಯುವಾಗ ನೀರು ಹಾಯಿಸುವುದು, ಮುಖಗವಸು ಧರಿಸುವುದು ಕಡ್ಡಾಯ. ಕಲ್ಲಿನ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ.

ಲಾವಾ ತಣಿಯುವಾಗ ಬಿದ್ದ ಸೀಳುಗಳಿಂದಾಗಿ ಬಸಾಲ್ಟಿನಲ್ಲಿ ಬೃಹತ್ ಏಕಶಿಲೆ ಸಿಗುವುದು ವಿರಳ. ಮೈಸೂರಿನ ಅರುಣ್ ಯೋಗಿರಾಜ್ ನೇತೃತ್ವದಲ್ಲಿ ರೂಪುಗೊಂಡು 2022ರಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಅನಾವರಣಗೊಂಡ 28 ಅಡಿಯ ನೇತಾಜಿ ಪ್ರತಿಮೆಗೆ ತೆಲಂಗಾಣದ ಗ್ರಾನೈಟ್ ಬೇಕಾಯಿತು. ಬೀದರ್ ಸೀಮೆಯ ಕಲ್ಲಿಗೆ ಆಳೆತ್ತರದ ಕೃತಿ, ಇಲ್ಲವೇ ತುಂಡುಗಳನ್ನು ಜೋಡಿಸಿದ ರಚನೆಯೇ ಹೊಂದುತ್ತದೆ.

ಕೋಟೆಯ ಬಳಿ ಉರುಳಿಬಿದ್ದ ಹಳೆಯ ಜಂಬಿಟ್ಟಿಗೆ ಚೆನ್ನಾಗಿ ಗಡುಸಾಗಿದ್ದು ಕಣ್ಣು ಸೆಳೆಯುವುದು ಸಹಜ. ಅದನ್ನು ಒಯ್ಯುವಂತಿಲ್ಲ. ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದು, ಅದಕ್ಕೆ ಹಾನಿ ಮಾಡುವುದು 1958ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ.