ಗಡಿಸೀಮೆಯ ಸೈಕಲ್ಲು

ಈ ವಾರ್ಷಿಕಾಂಕದ ಓದುಗರಲ್ಲಿ ಹೆಚ್ಚಿನವರು ಕಾಸರಗೋಡು ಸೀಮೆಯ ಕನ್ನಡಿಗರು. 1956ರ ನವೆಂಬರ್ 1 ಎಂದರೆ ಏನೆಂದು ಅವರಿಗೆ ನಾನು ಹೇಳಬೇಕಾಗಿಲ್ಲ. ನಮಗೂ ಅದೇ ದಿನ. ಅಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ, ನಾರಾಯಣಖೇಡದ ಕಡೆ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದು, ಅದೂ ಮುಂಬಯಿ ಪಾಲಿಗೇ ಬಂತು. ಆಮೇಲೆ 1982ರಲ್ಲಿ ಲಾತೂರ ಜಿಲ್ಲೆಯಾಗಿ ಉದಗೀರ, ನಿಲಂಗಾ ಅದರೊಳಗೆ ಸೇರಿದವು. ಉಸ್ಮಾನಾಬಾದ್ ಈಗ ಧಾರಾಶಿವ. ನಿಮಗೆ ಚಂದ್ರಗಿರಿ ಹೊಳೆ ಇದ್ದಂತೆ ನಮಗೆ ಮಾಂಜರಾ ನದಿ.

ಆಯೋಗ, ವರದಿ, ಠರಾವುಗಳ ಮೇಲೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ನಿಲಂಗಾ ತಾಲೂಕಿನ ಒಬ್ಬ ಬ್ಯಾಂಕ್ ಗುಮಾಸ್ತ. ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದ್ದು ಬಿಟ್ಟರೆ ನನಗೆ ಬೇರೆ ಅರ್ಹತೆಯಿಲ್ಲ. ದಿನಾಲು ಒಂಬತ್ತು ಕಿಲೋಮೀಟರು ಸೈಕಲ್ ಹೊಡೆದು ಶಾಖೆಗೆ ಹೋಗುತ್ತೇನೆ, ಸಂಜೆ ಅಷ್ಟೇ ದೂರ ಮರಳುತ್ತೇನೆ. ಹೀಗೆ ಹೋಗುತ್ತ ಬರುತ್ತ ತಲೆಯಲ್ಲಿ ಕೂತ ಮಾತೊಂದಿದೆ: ನಮ್ಮ ಸೀಮೆಯಲ್ಲಿ ಒಂದಿಷ್ಟಾದರೂ ಕನ್ನಡ ಉಳಿದದ್ದರಲ್ಲಿ ಸೈಕಲ್ಲಿಗೂ ಪಾಲಿದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು 1885ರಲ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ, ಚೈನು ಹಿಂದಿನ ಗಾಲಿಯನ್ನು ತಿರುಗಿಸುವ ‘ರೋವರ್’ ಸೈಕಲ್ ತಂದ. ಮೂರು ವರ್ಷದಲ್ಲಿ ಡನ್ಲಪ್ ಗಾಳಿ ತುಂಬಿದ ಟಯರು ಮಾಡಿದ. ಇಂದಿಗೂ ಸೈಕಲ್ಲೆಂದರೆ ಮೂಲತಃ ಅದೇ. ನಮ್ಮ ಎರೆಭೂಮಿಗೆ ಅದು ಬಂದದ್ದು ಬಹಳ ತಡವಾಗಿ. ಬಂದಾಗಲೂ ತಹಶೀಲಿಯ ಅಧಿಕಾರಿ, ವಕೀಲ, ದೊಡ್ಡ ವ್ಯಾಪಾರಿ ಇಂಥವರ ಮನೆಗೆ ಬಂತು. ಬಂದದ್ದೆಲ್ಲ ವಿಲಾಯತಿ ಮಾಲು. ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ.

ನಮ್ಮ ಮುತ್ಯಾ, ಎಂದರೆ ಅಜ್ಜ, ಅರಿವೆ ವ್ಯಾಪಾರದವರು. ಅವರು ಸೈಕಲ್ ಕೊಂಡದ್ದು ಸೊಲ್ಲಾಪುರದಲ್ಲಿ. ಸೊಲ್ಲಾಪುರ ಬ್ರಿಟಿಷರದು, ಉಮರ್ಗಾ ನಿಜಾಮರದು. ನಿಜಾಮ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಸುಂಕ. ಇಲ್ಲಿಯ ಹಾಲಿ ರೂಪಾಯಿ ಏಳಕ್ಕೆ ಅಲ್ಲಿಯ ಕಲ್ದಾರ ಆರು. ಮುತ್ಯಾ ಹಾಲಿಯನ್ನು ಕಲ್ದಾರ ಮಾಡಿಸಿ ಸೈಕಲ್ ಕೊಂಡು, ತಿರುಗಿ ಬರುವಾಗ ನಾಕಾದಲ್ಲಿ ಸುಂಕ ಕಟ್ಟಿ ತಂದರಂತೆ. “ಸೈಕಲ್ಲಿನ ಮ್ಯಾಲ ಕೂತ ಬರಬೇಕಂದ್ರ, ನಾಕಾದಾವ ಇಳಿಸಿ ಸರಂಜಾಮಿನಂಗ ಎಣಿಸಿದ” ಎಂದು ಅವರು ಕೊನೆಯವರೆಗೂ ಹೇಳಿ ನಗುತ್ತಿದ್ದರು. ನಮ್ಮ ಮನೆಯ ಮಟ್ಟಿಗೆ ಸೈಕಲ್ಲಿಗೂ ಗಡಿಗೂ ಮೊದಲ ಭೇಟಿ ಅದು. 1948ರ ರಜಾಕಾರರ ಗಲಾಟೆಯಲ್ಲಿ ಆ ಸೈಕಲ್ಲನ್ನು ಕಣಕಿಯ ಬಣವೆಯೊಳಗೆ ಹುಗಿದಿಟ್ಟಿದ್ದರು. ಸಪ್ಟೆಂಬರ 17ರಂದು ಸಂಸ್ಥಾನ ಶರಣಾಗತವಾದ ಮೇಲೆ ಹೊರತೆಗೆದರೆ ಎರಡೂ ಟ್ಯೂಬನ್ನು ಇಲಿ ಕಡಿದಿದ್ದವು.

ಸ್ವಾತಂತ್ರ್ಯದ ನಂತರ ದೇಶದಲ್ಲೇ ಸೈಕಲ್ ತಯಾರಿಕೆ ಬೆಳೆಯಿತು. ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಕಾರ್ಖಾನೆ, ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ, 1951ರಲ್ಲಿ ಸೋನಿಪತದಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ. ನಮ್ಮ ತಾಲೂಕು ರಾಜ್ಯ ಬದಲಿಸಿದ ವರ್ಷವೇ ಹೀರೋ ಹುಟ್ಟಿದ್ದು ಕೇವಲ ಕಾಕತಾಳೀಯ. ಆದರೆ ಪರಿಣಾಮ ನಮ್ಮ ಮೇಲೆ ಆಯಿತು. ಗಡಿ ಬಂದ ಹೊತ್ತಿಗೇ ಸೈಕಲ್ಲು ಮಾಸ್ತರರ, ಟಪಾಲಿನವರ, ಹಾಲಿನವರ ಕೈಗೆಟುಕುವ ವಸ್ತುವಾಗತೊಡಗಿತು. ಮದುವೆಯಲ್ಲಿ ಅಳಿಯನಿಗೆ ಗಡಿಯಾರ, ಸೈಕಲ್ಲು ಕೊಡುವ ರೂಢಿ ಬಿತ್ತು. ಹೆಣ್ಣು ಹೆತ್ತವರಿಗೆ ಅದೂ ಒಂದು ಹೊರೆಯೇ ಆಯಿತು, ಅದನ್ನು ಮರೆಮಾಚುವಂತಿಲ್ಲ.

ಇಲ್ಲಿ ಬಸ್ಸಿನ ಕತೆ ಸ್ವಲ್ಪ ಹೇಳಬೇಕು. ನಿಜಾಮರ ರೇಲ್ವೆಯವರು 1932ರಲ್ಲೇ ಸಾರಿಗೆ ವಿಭಾಗ ತೆರೆದು ಬಸ್ಸು ಓಡಿಸಿದ್ದರು. ಇಡೀ ಸಂಸ್ಥಾನಕ್ಕೆ ಒಂದೇ ವ್ಯವಸ್ಥೆ. 1956ರ ನಂತರ ಅದೂ ಮೂರು ಪಾಲಾಯಿತು. ನಮ್ಮ ಕಡೆಯದು ಮಹಾರಾಷ್ಟ್ರದ ಎಸ್.ಟಿ.ಗೆ, ಬೀದರ, ಗುಲ್ಬರ್ಗದ್ದು ಮೈಸೂರು ರಾಜ್ಯದ ಸಾರಿಗೆಗೆ. ಆ ಕಡೆಯದು ಈಗ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ. ಬಸ್ಸೆಂಬುದು ಡಿಪೋ ನೋಡಿಕೊಂಡು ಓಡುವ ವಾಹನ. ಡಿಪೋ ತನ್ನ ಜಿಲ್ಲಾ ಕೇಂದ್ರದ ಕಡೆ ಮುಖ ಮಾಡಿರುತ್ತದೆ. ಹಿಂದೆ ಬೀದರಿಗೆ ಹೋಗಿ ತೀರುತ್ತಿದ್ದ ಕೆಲಸಕ್ಕೆ ಉಸ್ಮಾನಾಬಾದಿಗೆ ಹೋಗಬೇಕಾಯಿತು. ಗಡಿಯಾಚೆ ನಾಲ್ಕು ಹರದಾರಿ ದೂರದ ಬೀಗರ ಊರಿಗೆ ಬಸ್ಸಿನಲ್ಲಿ ಹೋಗುವುದಾದರೆ ಎರಡು ಕಡೆ ಬಸ್ಸು ಬದಲಿಸಿ ದಿನವೆಲ್ಲ ಕಳೆಯಬೇಕು. ಅದೇ ಸೈಕಲ್ಲಿನಲ್ಲಾದರೆ ಬಂಡಿ ಜಾಡು ಹಿಡಿದು, ನದಿ ದಾಟಿ, ಊಟದ ಹೊತ್ತಿಗೆ ಮುಟ್ಟಬಹುದಿತ್ತು.

ಬಂಡಿ ಜಾಡು ಎಂದೆನಲ್ಲ, ಅದರ ಮೇಲೂ ಎರಡು ಮಾತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡರೆ ಸೈಕಲ್ಲು ಒಂದು ಹೆಜ್ಜೆ ಮುಂದೆ ಹೋಗದು. ಕಡ್ಡಿಯಿಂದ ಕೆದರಬೇಕು, ಇಲ್ಲವೆ ಇಪ್ಪತ್ತು ಕಿಲೋ ಭಾರದ ಅದನ್ನು ಹೆಗಲ ಮೇಲೆ ಹೊರಬೇಕು. ಬೇಸಿಗೆಗೆ ಜಾಲಿಮುಳ್ಳಿನ ಕಾಟ. ಈ ಸ್ಥಿತಿಯನ್ನು ಬದಲಿಸಿದ್ದು ಒಂದು ದೊಡ್ಡ ದುಃಖ. 1972ರ ಬರದಲ್ಲಿ ಮರಾಠವಾಡದ ಲಕ್ಷಾಂತರ ಜನ ಹೊಟ್ಟೆಪಾಡಿಗೆ ಸರಕಾರಿ ಕಾಮಗಾರಿಗಳಲ್ಲಿ ಕಲ್ಲು ಒಡೆದರು, ರಸ್ತೆ ಮಾಡಿದರು. ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕಾನೂನು ಆಮೇಲೆ 1977ರಲ್ಲಿ ಬಂತು. ನಾನು ಈಗ ಶಾಖೆಗೆ ಹೋಗುವ ದಾರಿಯ ಮೊದಲ ಖಡಿ ಬಿದ್ದದ್ದು ಆ ಬರದಲ್ಲಿ. ಅವ್ವ ಹುಡುಗಿಯಾಗಿದ್ದಾಗ ಅಲ್ಲಿ ಬುಟ್ಟಿ ಹೊತ್ತಿದ್ದಳು. ಅವಳು ಜೀವನದಲ್ಲಿ ಒಮ್ಮೆಯೂ ಸೈಕಲ್ ಹತ್ತಿದವಳಲ್ಲ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಮುತ್ಯಾ ಉರ್ದು ಕಲಿತರು, ಅಪ್ಪ ಮರಾಠಿ ಕಲಿತು ಮರಾಠಿ ಕಲಿಸಿದರು, ನಾನೂ ಮರಾಠಿ ಶಾಲೆಯಲ್ಲೇ ಓದಿದೆ. ಮನೆಯ ಮಾತು ಮಾತ್ರ ಮೂರು ತಲೆಮಾರಿಗೂ ಕನ್ನಡ. ಮರಾಠಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅನ್ನ ಕೊಟ್ಟ ಭಾಷೆ. ಆದರೆ ಕನ್ನಡ ಓದಲು ಬರೆಯಲು ನನಗೆ ಹೇಗೆ ಬಂತು ಎಂದು ಈ ಲೇಖನ ಓದಿದವರು ಕೇಳಬಹುದು. ಉತ್ತರ ಅಪ್ಪನ ಅಟ್ಲಾಸ್ ಸೈಕಲ್ಲು.

ಭಾಲ್ಕಿ ತಾಲೂಕಿನಲ್ಲಿ ನನ್ನ ಸೋದರಮಾವನ ಊರು. ಬೇಸಿಗೆ ರಜೆ ಬಿದ್ದ ಮರುದಿನ ಅಪ್ಪ ನನ್ನನ್ನು ಮುಂದಿನ ದಂಡಿಗೆಯ ಮೇಲೆ, ಟಾವೆಲ್ ಸುತ್ತಿ, ಕೂಡಿಸಿಕೊಂಡು ನಸುಕಿನಲ್ಲೇ ಹೊರಡುತ್ತಿದ್ದರು. ಹಿಂದಿನ ಕ್ಯಾರಿಯರಿನಲ್ಲಿ ತೊಗರಿಬೇಳೆಯ ಗಂಟು. ಬತ್ತಿದ ಮಾಂಜರಾ ನದಿಯ ಉಸುಕಿನಲ್ಲಿ ಇಬ್ಬರೂ ಇಳಿದು ಸೈಕಲ್ ನೂಕಬೇಕು. ಆಚೆ ದಂಡೆ ಹತ್ತಿದರೆ ಮೈಲಿಗಲ್ಲಿನ ಅಕ್ಷರ ಬದಲಾಗುತ್ತಿತ್ತು. ನನಗೆ ಅಆಇಈ ಕಲಿಸಿದ್ದು ಮಾವನ ದೊಡ್ಡ ಮಗಳು, ಪಾಟಿಯ ಮೇಲೆ. ಎರಡು ಬೇಸಿಗೆಯಲ್ಲಿ ಓದು ಬಂತು. ಅಲ್ಲಿಂದ ಮುಂದೆ ಅಪ್ಪ ಹೋದಾಗಲೆಲ್ಲ ಮಾವನ ಮನೆಯಿಂದ ‘ಕಸ್ತೂರಿ’ಯ ಹಳೆಯ ಸಂಚಿಕೆಗಳನ್ನು ಕ್ಯಾರಿಯರಿಗೆ ಬಿಗಿದುಕೊಂಡು ತರುತ್ತಿದ್ದರು. ಓದಿದ ಮೇಲೆ ಅವು ನಮ್ಮ ಊರಿನ ಇನ್ನೂ ನಾಲ್ಕು ಮನೆ ತಿರುಗುತ್ತಿದ್ದವು.

ಇದು ನಮ್ಮೊಬ್ಬರದೇ ಕತೆಯೇನಲ್ಲ. ಉದಗೀರದವರಿಗೆ ಕಮಲನಗರದ ಕಡೆ, ಉಮರ್ಗಾದವರಿಗೆ ಬಸವಕಲ್ಯಾಣದ ಕಡೆ, ಮುರುಮ ಆಲೂರದವರಿಗೆ ಆಳಂದದ ಕಡೆ ಇಂಥ ಸೈಕಲ್ ದಾರಿಗಳಿದ್ದವು. ಹೋಗಿ ಅದೇ ದಿನ ಬರಬಹುದಾದಷ್ಟು ದೂರದಲ್ಲಿ ಕೊಡುವುದು ತರುವುದು ನಡೆಯಿತು; ಅದರಾಚೆ ಸಂಬಂಧ ಸಡಿಲವಾಯಿತು. ನನ್ನ ಬಳಗದ ಮದುವೆಗಳನ್ನು ಎಣಿಸಿ ನೋಡಿದಾಗ ನನಗೆ ಕಂಡದ್ದು ಇದು. ಎಲ್ಲರ ಮನೆಗೂ ಈ ಲೆಕ್ಕ ಹೊಂದುತ್ತದೆಂದು ಹಟ ಮಾಡುವುದಿಲ್ಲ.

1993ರ ಸಪ್ಟೆಂಬರ 30ರ ಭೂಕಂಪ ನಿಮಗೆ ನೆನಪಿರಬಹುದು. ಗಣಪತಿ ಬಿಟ್ಟು ಬಂದು ಮಲಗಿದ ರಾತ್ರಿ, ಬೆಳಗಿನ ನಾಲ್ಕರ ಸುಮಾರಿಗೆ, ಕಿಲ್ಲಾರಿ, ಸಾಸ್ತೂರ ಸುತ್ತ ಕಲ್ಲು ಮಣ್ಣಿನ ಮನೆಗಳು ಕುಸಿದು ಎಂಟು ಸಾವಿರದಷ್ಟು ಜನ ಸತ್ತರು. ನನಗಾಗ ಹದಿಮೂರು. ಅಪ್ಪ ಎರಡು ಹಗ್ಗ, ಒಂದು ಸನಿಕೆ ಕಟ್ಟಿಕೊಂಡು ಸೈಕಲ್ ಹತ್ತಿ ಕಿಲ್ಲಾರಿಯ ಕಡೆ ಹೋದವರು ಮೂರನೆಯ ದಿನ ಬಂದರು. ಏನು ನೋಡಿದರೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಮೋಟಾರ್‌ಸೈಕಲ್ ಬಂತು, ಸಾಲವೂ ಸುಲಭವಾಯಿತು. ಆ ಸಾಲದ ಅರ್ಜಿಗಳನ್ನು ತುಂಬಿಸಿಕೊಂಡವನು ನಾನೇ. ಬ್ಯಾಂಕಿನವರಿಗೂ ಸೈಕಲ್ಲಿಗೂ ಹಳೆಯ ನಂಟು. ನಮ್ಮ ಹಳೆಯ ದ್ವಿಪಕ್ಷೀಯ ಒಪ್ಪಂದಗಳನ್ನು ತೆರೆದರೆ ವಿಶೇಷ ಭತ್ಯೆಯ ಪಟ್ಟಿಯಲ್ಲಿ ‘ಸೈಕಲ್ ಪ್ಯೂನ್’ ಎಂಬ ಹುದ್ದೆ ಸಿಗುತ್ತದೆ. ನಾನು ಕೆಲಸಕ್ಕೆ ಸೇರಿದಾಗಲೂ ನಮ್ಮಲ್ಲೊಬ್ಬ ಹಿರಿಯರು ಟಪಾಲು, ಚೆಕ್ಕು ಚೀಲದಲ್ಲಿ ಹಾಕಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾನು ಮಾತ್ರ ಆಗ ಮೋಟಾರ್‌ಸೈಕಲ್ಲಿನವನು. ಅಟ್ಲಾಸು ಅಟ್ಟದ ಮೇಲೆ.

ಅದನ್ನು ಕೆಳಗಿಳಿಸಿದ್ದು 2020ರ ಏಪ್ರಿಲ್‌ನಲ್ಲಿ. ಕೋವಿಡ್ ಬಂದ್, ಆದರೆ ಬ್ಯಾಂಕಿಗೆ ರಜೆಯಿಲ್ಲ; ಜನಧನ ಖಾತೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 500 ರೂಪಾಯಿ ಹಂಚುವ ಕೆಲಸ. ಗಾಡಿ ಕೆಟ್ಟು ನಿಂತಿತ್ತು, ರಿಪೇರಿ ಅಂಗಡಿ ಮುಚ್ಚಿತ್ತು. ಬೇರೆ ದಾರಿಯಿಲ್ಲದೆ ಅಪ್ಪನ ಸೈಕಲ್ಲಿಗೆ ಎಣ್ಣೆ ಬಿಟ್ಟೆ. ಮೊದಲ ವಾರ ತೊಡೆ ಸೆಟೆದು ಕೌಂಟರಿನಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಅದೇ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತೆಂದು ಪೇಪರಿನಲ್ಲಿ ಓದಿದೆ. ಮನೆಯವರೊಬ್ಬರು ಹೋದ ಸುದ್ದಿಯಂತಿತ್ತು. ಬಂದ್ ತೆರೆದ ಮೇಲೂ ನಾನು ಸೈಕಲ್ ಬಿಡಲಿಲ್ಲ. ಮರುವರ್ಷ ಎಸ್.ಟಿ. ನೌಕರರ ಮುಷ್ಕರ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಡೆದಾಗ ಊರಿನ ಇನ್ನಷ್ಟು ಹಳೆಯ ಸೈಕಲ್ಲುಗಳು ಹೊರಬಂದವು.

ಸುಖದ ಮಾತನ್ನೂ ಹೇಳಬೇಕಲ್ಲ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಎಡಕ್ಕೆ ಬಿಸಿಲು, ಬಲಕ್ಕೆ ನೆರಳು. ಮೋಟಾರ್‌ಸೈಕಲ್ಲಿನಲ್ಲಿ ಹನ್ನೆರಡು ವರ್ಷ ಹೋದರೂ ಆ ದಾರಿಯಲ್ಲಿ ಏಳು ಬಾವಿ ಇವೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಹುಡುಗನಿದ್ದಾಗ ಎರಡೂ ಬದಿ ಜೋಳ, ಅಂಚಿಗೆ ಕುಸುಬೆ. ಈಗ ಬರೀ ಸೋಯಾಬೀನ್. ಆಷಾಢದಲ್ಲಿ ಪಡುವಣ ಗಾಳಿಗೆ ಎದುರಾಗಿ ತುಳಿಯುವಾಗ ಮಾತ್ರ ಸುಖವೆಂದರೆ ಸುಳ್ಳಾಗುತ್ತದೆ. ಸಹೋದ್ಯೋಗಿಗಳು ನಗುತ್ತಾರೆ, ಪ್ಯಾಂಟಿಗೆ ಚೈನಿನ ಎಣ್ಣೆ ಹತ್ತುತ್ತದೆ. ಇರಲಿ.

ಒಂದು ದಿನ ಹೊಲದ ಬದುವಿನಲ್ಲಿ ಕುಳಿತ ಮುದುಕಿಯೊಬ್ಬಳು ಬೆಲ್ಲಿನ ಸಪ್ಪಳಕ್ಕೆ ತಲೆಯೆತ್ತಿ, “ಇದು ಮಾಸ್ತರ ಸಾಯಕಲ್ ಅದ ಅಲ್ಲೇನೊ ತಮ್ಮಾ?” ಎಂದಳು. “ಹೌದು ಆಯಿ, ಅವರ ಮಗ” ಎಂದೆ. ವರ್ಷಗಟ್ಟಲೆ ನಮ್ಮ ಕೌಂಟರಿಗೆ ಬಂದವಳು, ಹರಕು ಮರಾಠಿಯಲ್ಲೇ ಮಾತಾಡಿದವಳು. ಮರುವಾರ ಬಂದಾಗ ಕನ್ನಡದಲ್ಲೇ ಶುರು ಮಾಡಿದಳು. ಅವಳ ಹಿಂದೆ ನಿಂತಿದ್ದ ಇಬ್ಬರು ಹೆಂಗಸರೂ ಕನ್ನಡದವರೇ ಎಂದು ಅಂದು ತಿಳಿಯಿತು. ಈಗ ಹಾಗೆ ಮಾತಾಡುವವರು ಹನ್ನೊಂದು ಜನ ಇದ್ದಾರೆ. ಎಲ್ಲರೂ ಅರವತ್ತು ದಾಟಿದವರು.

ನನ್ನ ಮಗಳು ಹತ್ತನೆಯ ತರಗತಿ. ಮುಂದಿನ ವರ್ಷ ಎಲ್ಲರಂತೆ ಲಾತೂರಿನ ಕೋಚಿಂಗಿಗೆ ಹೋಗುವವಳು. ಕನ್ನಡ ಮಾತಾಡುತ್ತಾಳೆ, ಅಕ್ಷರ ಕೂಡಿಸಿ ಓದುತ್ತಾಳೆ, ಅಷ್ಟೇ. ಆ ಕಡೆ ಕರ್ನಾಟಕ ಸರಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು, ಕೋವಿಡ್ ಬಂದ ಮೇಲೆ ನಿಂತಿತು. ನನಗೆ ಅಕ್ಷರ ಕಲಿಸಿದ ಅಕ್ಕನ ಮಗಳಿಗೆ ಸಿಕ್ಕ ಅಂಥದೊಂದು ಸೈಕಲ್ಲನ್ನು, ಅವಳು ಓದು ಮುಗಿಸಿ ಮದುವೆಯಾಗಿ ಹೋದ ಮೇಲೆ, ನಮ್ಮ ಮನೆಗೆ ತಂದೆ. ಮಗಳು ಅದರಲ್ಲೇ ಶಾಲೆಗೆ ಹೋಗುತ್ತಾಳೆ. ಅದರ ಮೇಲಿದ್ದ ಸರಕಾರದ ಅಕ್ಷರಗಳು ಅರ್ಧ ಅಳಿಸಿವೆ. ಉಳಿದದ್ದನ್ನು ಗೆಳತಿಯರಿಗೆ ಅವಳೇ ಓದಿ ಹೇಳುತ್ತಾಳೆ.

ಈ ದೀಪಾವಳಿ ರಜೆಗೆ ಇಬ್ಬರೂ ಎರಡು ಸೈಕಲ್ಲಿನಲ್ಲಿ ಮಾವನ ಊರಿಗೆ ಹೋಗುವುದೆಂದು ಮಾತಾಗಿದೆ. ಅಟ್ಲಾಸಿನ ಹಿಂದಿನ ಟಯರು ಸವೆದಿದೆ. ಆ ಹಳೆಯ ಅಳತೆಯ ಟಯರು ನಿಲಂಗಾದಲ್ಲಿ ಸಿಗಲಿಲ್ಲ. ಉದಗೀರದ ಸ್ಟೇಷನ್ ಕಡೆಯ ಅಂಗಡಿಯೊಂದರಲ್ಲಿ ಎರಡು ಉಳಿದಿವೆಯೆಂದು ಹೇಳಿದ್ದಾರೆ. ರವಿವಾರ ಹೋಗಿ ಎರಡನ್ನೂ ತರಬೇಕು.