ಆಟವಾಗಿ ಉಳಿದ ಯುದ್ಧವಿದ್ಯೆ

ದಾಂಡಪಟ್ಟಾ ಬೀಸಲು ಬಯಲು ಬೇಕು. ಅದು ಸಾಮಾನ್ಯ ಕತ್ತಿಯಲ್ಲ. ಮುಂಗೈ ಮುಚ್ಚುವ ಲೋಹದ ಕವಚ, ಅದರೊಳಗೆ ಅಡ್ಡ ಹಿಡಿಕೆ, ಮುಂದೆ ಬಳುಕುವ ಉದ್ದನೆಯ ಅಲಗು. ಕವಚದಲ್ಲಿ ಸಿಕ್ಕಿದ ಮಣಿಕಟ್ಟು ತಿರುಗುವುದಿಲ್ಲ. ಹಾಗಾಗಿ ಏಟು ಹುಟ್ಟುವುದು ಭುಜದಿಂದ, ಸೊಂಟದಿಂದ, ಹೆಜ್ಜೆಯಿಂದ. ನಾಶಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ಶಿವಜಯಂತಿಯ ಪ್ರದರ್ಶನಕ್ಕೆಂದು ಮೈದಾನಕ್ಕಿಳಿಯುವ ಹುಡುಗ ಹುಡುಗಿಯರಿಗೆ ಹೆಜ್ಜೆಯೇ ಮೊದಲ ಪಾಠ.

ಮರಾಠಿಯಲ್ಲಿ ಇದರ ಹೆಸರು ‘ಮರ್ದಾನಿ ಖೇಳ್’, ಅಂದರೆ ಕಲಿಗಳ ಆಟ. ಯುದ್ಧ ಆಟವಾದದ್ದು ಹೇಗೆ?

ಈ ಎರಡು ಊರುಗಳ ಸುತ್ತಲಿನ ನೆಲ ನಿಜವಾದ ಯುದ್ಧಗಳನ್ನೇ ಕಂಡಿದೆ. ಮಲಿಕ್ ಅಂಬರ್ 1610ರಲ್ಲಿ ಕಟ್ಟಿದ ಖಡಕಿಯೇ ಮುಂದೆ ಔರಂಗಾಬಾದ್ ಆಗಿ, ಈಗ ಸಂಭಾಜಿನಗರವಾಗಿದೆ. ಮೊಘಲರ ದೊಡ್ಡ ದಂಡಿಗೆ ಎದುರು ನಿಲ್ಲದೆ, ಅವರ ದವಸ ಸಾಗುವ ದಾರಿಯ ಮೇಲೆ ಎರಗುವ ಉಪಾಯವನ್ನು ಅಂಬರ್ ಮರಾಠಾ ಸವಾರರ ಬಲದಿಂದ ನಡೆಸಿದ. ಶಿವಾಜಿಯ ತಂದೆ, ಮುಂದೆ ಬೆಂಗಳೂರಿನ ಜಹಗೀರು ಪಡೆದ ಶಹಾಜಿ, ಪಳಗಿದ್ದು ಅದೇ ನಿಜಾಮಶಾಹಿಯಲ್ಲಿ. 1672ರಲ್ಲಿ ನಾಶಿಕ್ ಜಿಲ್ಲೆಯ ಸಾಲ್ಹೇರ್ ಕೋಟೆಯ ಬಳಿ ಮರಾಠರು ಬಯಲು ಕಾಳಗದಲ್ಲೇ ಮೊಘಲರನ್ನು ಸೋಲಿಸಿದರು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು, ಸಿಪಾಯಿಗಳಿಗೆ ಕೆಲಸವಿಲ್ಲವಾಯಿತು. 1878ರ ಆಯುಧ ಕಾಯ್ದೆ ಪರವಾನಗಿಯ ಕಟ್ಟು ಬಿಗಿಗೊಳಿಸಿತು. ಆಮೇಲೆ ವಿದ್ಯೆಗೆ ಆಸರೆಯಾದದ್ದು ತಾಲೀಮುಗಳು, ನಮ್ಮ ಗರಡಿಮನೆಗಳಂಥ ಜಾಗಗಳು. ಕನ್ನಡದಲ್ಲೂ ‘ತಾಲೀಮು’ ಎಂದರೆ ಅಭ್ಯಾಸವೇ. ಕೊಲ್ಲುವ ಏಟು ಅಲ್ಲಿ ಅಂಗೈ ಮೇಲಿನ ನಿಂಬೆಹಣ್ಣನ್ನು ಸೀಳುವ ಚಮತ್ಕಾರವಾಯಿತು. ಚರ್ಮಕ್ಕೆ ತಾಗದೆ ಹಣ್ಣು ಎರಡಾಗಬೇಕು.

ಹಾಗೆಂದು ಮೈದಾನದ ಆಟವೇ ಅಂದಿನ ಯುದ್ಧ ಎಂದುಕೊಂಡರೆ ತಪ್ಪಾದೀತು. ದಂಡು ನಡೆಯುತ್ತಿದ್ದದ್ದು ಕುದುರೆ, ಮೇವು, ಬೇಹು, ಬೆಟ್ಟದ ದಾರಿಗಳ ಮೇಲೆ. ಅವು ಯಾವ ಪ್ರದರ್ಶನದಲ್ಲೂ ಕಾಣವು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಪಟ್ಟಾ ಹೇಳದ ಸಂಗತಿಯೊಂದನ್ನು ಮೈದಾನ ಹೇಳುತ್ತದೆ: ಈ ಆಯುಧ ಬೀಸುವವನ ಪಕ್ಕದಲ್ಲಿ ಅವನ ಗೆಳೆಯನೂ ನಿಲ್ಲುವಂತಿಲ್ಲ.

2024ರಲ್ಲಿ ಮಹಾರಾಷ್ಟ್ರ ಸರ್ಕಾರ ದಾಂಡಪಟ್ಟಾವನ್ನು ರಾಜ್ಯದ ಆಯುಧವೆಂದು ಸಾರಿತು. 2025ರಲ್ಲಿ ಸಾಲ್ಹೇರ್ ಸೇರಿ 12 ಕೋಟೆಗಳು ಯುನೆಸ್ಕೋ ಪಟ್ಟಿಗೆ ಬಂದವು. ಬಿದ್ದ ಕೋಟೆಗೋಡೆಯನ್ನು ನಕ್ಷೆ ನೋಡಿ ಮತ್ತೆ ಕಟ್ಟಬಹುದು. ಹೆಜ್ಜೆ ಹಾಗಲ್ಲ. ಒಂದು ತಲೆಮಾರು ಕಲಿಯದೆ ಬಿಟ್ಟರೆ, ಮುಂದಿನವರಿಗೆ ಕಲಿಸಲು ಮೈಯೇ ಉಳಿದಿರುವುದಿಲ್ಲ.